ಶಿಲೆಯಾದ ಶುಕ್ತಿ

ಕುಂದಾಪುರದಿಂದ ಬೈಂದೂರಿನ ಕಡೆಗೆ ಸಾಗುವ ಹೆದ್ದಾರಿ ತ್ರಾಸಿಯನ್ನು ಮುಟ್ಟುತ್ತಲೇ ಕಡಲಿನ ಮಗ್ಗುಲಿಗೆ ಬಂದುಬಿಡುತ್ತದೆ. ಅಲ್ಲಿಂದ ಮರವಂತೆಯವರೆಗೆ ರಸ್ತೆಯ ಪಡುವಣಕ್ಕೆ ಅರಬ್ಬೀ ಸಮುದ್ರ. ಮರವಂತೆಯಲ್ಲಿ ಮೂಡಣಕ್ಕೆ ಸೌಪರ್ಣಿಕಾ ನದಿ. ಕಡಲಿನಿಂದ ಕೂಗಳತೆಯ ದೂರಕ್ಕೆ ಬಂದ ನದಿ ಅಲ್ಲಿ ಅದನ್ನು ಸೇರದೆ ದಕ್ಷಿಣಕ್ಕೆ ಹೊರಳಿ, ಗಂಗೊಳ್ಳಿಯ ಅಳಿವೆಯಲ್ಲಿ ಇತರ ಹೊಳೆಗಳೊಡನೆ ಕೂಡಿ ಸಮುದ್ರಕ್ಕೆ ಇಳಿಯುತ್ತದೆ. ಮಳೆಗಾಲದ ಅಬ್ಬರ ತಗ್ಗಿದ ಮೇಲೆ ಈ ದಂಡೆಯಲ್ಲಿ ನಡೆದವರ ಪಾದಕ್ಕೆ ಚಿಪ್ಪು ತಾಕದೆ ಇರುವುದಿಲ್ಲ. ಬಿಳಿಯವು, ಕಂದು ಗೆರೆಯವು, ನೇರಳೆ ಛಾಯೆಯವು. ಕೆಲವು ಒಂಟಿ, ಕೆಲವು ಜೋಡಿ. ವರಂಗ, ಕಾರ್ಕಳ, ಹಟ್ಟಿಯಂಗಡಿಗಳ ಬಸದಿಗಳ ದರ್ಶನ ಮುಗಿಸಿ ಕಡಲು ನೋಡಲೆಂದು ಬಂದ ಕುಟುಂಬಗಳ ಮಕ್ಕಳು ಅವನ್ನು ಆರಿಸಿ ಜೇಬಿಗೆ ತುಂಬಿಕೊಳ್ಳುತ್ತಾರೆ. ಹಿರಿಯರು ಒಮ್ಮೊಮ್ಮೆ ತಡೆಯುತ್ತಾರೆ, ಒಮ್ಮೊಮ್ಮೆ ತಾವೂ ಬಾಗುತ್ತಾರೆ.

ಈ ಚಿಪ್ಪನ್ನು ಮನುಷ್ಯನು ಮೂರು ಅವಸ್ಥೆಗಳಲ್ಲಿ ಕಾಣುತ್ತಾನೆ. ನೀರಿನಲ್ಲಿ ಅದು ಒಂದು ಜೀವಿಯ ಮನೆ. ದಂಡೆಯ ಮೇಲೆ ಅದು ಜೀವ ಬಿಟ್ಟುಹೋದ ಮನೆ. ಬೆಟ್ಟದ ಮರಳುಗಲ್ಲನ್ನು ಒಡೆದಾಗ ಅದೇ ಆಕಾರ ಕಲ್ಲಾಗಿ ಎದುರಾಗುತ್ತದೆ. ಅದು ಕೋಟ್ಯಂತರ ವರ್ಷಗಳ ಹಿಂದಿನ ಪಳೆಯುಳಿಕೆ. ಮೊದಲನೆಯದಕ್ಕೆ ನೋವಾಗಬಾರದೆಂಬುದರಲ್ಲಿ ಯಾವ ಶ್ರಾವಕನಿಗೂ ಸಂಶಯವಿಲ್ಲ. ಮೂರನೆಯದಕ್ಕೆ ನೋವಿಲ್ಲವೆಂಬುದರಲ್ಲಿಯೂ ಸಂಶಯವಿಲ್ಲ. ಇವೆರಡರ ನಡುವೆ ಇರುವ ಚಿಪ್ಪಿನ ವಿಷಯದಲ್ಲಿ ನಾವು ಎಷ್ಟು ಎಚ್ಚರವಾಗಿದ್ದೇವೆ ಎಂಬುದು ವಿಚಾರ ಮಾಡತಕ್ಕ ಸಂಗತಿ. ಅದನ್ನು ತಿಳಿಯಲು ಕಲ್ಲಾದ ಚಿಪ್ಪೇ ಒಳ್ಳೆಯ ಗುರು.

ಮೊದಲು ಆ ಜೀವಿಯನ್ನು ನೋಡೋಣ. ಶಂಖದ್ದು ಒಂದೇ ಸುರುಳಿಯ ಮನೆ. ಚಿಪ್ಪಿನದು ಎರಡು ಕದಗಳ ಮನೆ. ವಿಜ್ಞಾನಿಗಳು ಈ ಎರಡನೆಯ ಕುಲವನ್ನು ದ್ವಿಕವಾಟಿಗಳೆಂದು ಕರೆಯುತ್ತಾರೆ. ತುಳುವಿನಲ್ಲಿ ಮರುವಾಯಿ ಎಂದೂ ಉತ್ತರ ಕನ್ನಡದ ಅಘನಾಶಿನಿಯ ತೀರದಲ್ಲಿ ಬಳಚು ಎಂದೂ ಹೇಳುವುದು ಈ ಕುಲದ ಜೀವಿಗಳನ್ನೇ. ಇದಕ್ಕೆ ತಲೆಯಿಲ್ಲ. ಮೃದುವಾದ ಮೈ, ಮರಳನ್ನು ತೋಡಲು ನಾಲಗೆಯಂಥ ಒಂದು ಪಾದ, ನೀರನ್ನು ಒಳಗೆಳೆದು ಹೊರಬಿಡುವ ಎರಡು ನಾಳಗಳು; ಇಷ್ಟೇ ಅದರ ಸಂಸಾರ. ಒಳಗೆ ಬಂದ ನೀರನ್ನು ಕಿವಿರುಗಳಲ್ಲಿ ಸೋಸಿ, ಅದರಲ್ಲಿನ ಸೂಕ್ಷ್ಮ ಕಣಗಳನ್ನು ಆಹಾರವಾಗಿ ತೆಗೆದುಕೊಂಡು ಉಳಿದುದನ್ನು ಹೊರಗೆ ಬಿಡುತ್ತದೆ. ಸಮುದ್ರದ ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿ ತನ್ನ ಮನೆಯನ್ನು ತಾನೇ ಕಟ್ಟಿಕೊಳ್ಳುತ್ತದೆ. ಚಿಪ್ಪಿನ ಹೊರಮೈಯಲ್ಲಿ ಕಾಣುವ ಬಾಗಿದ ಗೆರೆಗಳು ಆ ಮನೆ ಅಂಚಂಚಾಗಿ ಬೆಳೆದುದರ ದಾಖಲೆ.

ಎರಡು ಕದಗಳ ಜೋಡಣೆಯಲ್ಲಿ ಒಂದು ವಿಶೇಷವಿದೆ. ಬೆನ್ನಿನ ಕಡೆ ಅವುಗಳನ್ನು ಕೂಡಿಸುವ ಬಂಧವು ಬಿಲ್ಲಿನಂತೆ ಬಿಗಿದುಕೊಂಡಿರುತ್ತದೆ. ಕದಗಳನ್ನು ತೆರೆಯುವುದೇ ಅದರ ಸ್ವಭಾವ. ಮುಚ್ಚುವ ಕೆಲಸ ಒಳಗಿನ ಸ್ನಾಯುಗಳದು. ಮುಚ್ಚಿಕೊಳ್ಳಬೇಕಾದರೆ ಜೀವವು ಪ್ರಯತ್ನಪಡಬೇಕು. ಜೀವ ಹೋದೊಡನೆ ಸ್ನಾಯು ಸಡಿಲಗೊಂಡು ಕದಗಳು ತಾವಾಗಿಯೇ ತೆರೆದುಕೊಳ್ಳುತ್ತವೆ. ಬಿಗಿಯಾಗಿ ಮುಚ್ಚಿರುವ ಚಿಪ್ಪನ್ನು ಕಂಡವರು ಅದರೊಳಗೆ ಇನ್ನೂ ಪ್ರಯತ್ನ ನಡೆದಿದೆಯೆಂದೇ ತಿಳಿಯತಕ್ಕದ್ದು. ಈ ಮಾತನ್ನು ಮುಂದಿನ ವಿವೇಚನೆಗಾಗಿ ನೆನಪಿನಲ್ಲಿಡಬೇಕು.

ಜೈನಶಾಸ್ತ್ರದಲ್ಲಿ ಶಂಖ, ಶುಕ್ತಿಗಳು ದ್ವೀಂದ್ರಿಯ ಜೀವಗಳು. ಸ್ಪರ್ಶ ಮತ್ತು ರಸನ ಇವೆರಡೇ ಅವುಗಳ ಇಂದ್ರಿಯಗಳು. ನೇಮಿಚಂದ್ರಾಚಾರ್ಯರ ದ್ರವ್ಯಸಂಗ್ರಹವು ಸ್ಥಾವರ ಜೀವಗಳನ್ನು ಹೇಳಿ ಮುಗಿಸಿ ತ್ರಸ ಜೀವಗಳಿಗೆ ಬರುವಾಗ ಉದಾಹರಣೆಗೆ ಎತ್ತಿಕೊಳ್ಳುವುದು ಶಂಖವನ್ನೇ. ಸ್ಥಾವರದ ಎಲ್ಲೆ ಮುಗಿದು ಚಲಿಸುವ ಜೀವದ ಎಲ್ಲೆ ಆರಂಭವಾಗುವ ಹೊಸ್ತಿಲಲ್ಲಿ ಈ ಕಡಲಿನ ಜೀವಿ ಕುಳಿತಿದೆ. ಗೃಹಸ್ಥನಿಗೆ ಸ್ಥಾವರಹಿಂಸೆಯನ್ನು ಪೂರ್ತಿಯಾಗಿ ಬಿಡಲಾಗದು. ಆದರೆ ಅಣುವ್ರತಿಯು ತ್ರಸಹಿಂಸೆಯನ್ನು ಸಂಕಲ್ಪಪೂರ್ವಕವಾಗಿ ಮಾಡಲಾಗದು. ಆದುದರಿಂದ ಶ್ರಾವಕನ ವ್ರತಕ್ಕೆ ಮೊದಲ ಪರೀಕ್ಷೆ ಚಿಪ್ಪಿನಂಥ ಈ ಪುಟ್ಟ ಜೀವಿಯಿಂದಲೇ ಆರಂಭವಾಗುತ್ತದೆ ಎನ್ನಬಹುದು.

ಇಂದಿನ ಪ್ರಾಣಿಶಾಸ್ತ್ರವು ಇನ್ನೊಂದು ಸಂಗತಿಯನ್ನು ಸೇರಿಸುತ್ತದೆ. ಸ್ಕಾಲಪ್ ಎಂಬ ಬೀಸಣಿಗೆಯಾಕಾರದ ಚಿಪ್ಪಿನ ಅಂಚಿನುದ್ದಕ್ಕೂ ಹತ್ತಾರು ಪುಟ್ಟ ಕಣ್ಣುಗಳಿವೆ. ನೆರಳು ಬಿದ್ದರೂ ಅದು ಗುರುತಿಸುತ್ತದೆ. ಇದರಿಂದ ಶಾಸ್ತ್ರದ ಗಣನೆಗೆ ಭಂಗ ಬಂತೆಂದು ಗಾಬರಿಗೊಳ್ಳುವ ಅಗತ್ಯವಿಲ್ಲ, ಶಾಸ್ತ್ರವು ಎಲ್ಲವನ್ನೂ ಮೊದಲೇ ಹೇಳಿತ್ತೆಂದು ಸಾಧಿಸುವ ಹಟವೂ ಬೇಡ. ಇಂದ್ರಿಯಗಳ ಗಣನೆಯ ಉದ್ದೇಶ ಜೀವಿಗಳನ್ನು ಮೇಲು ಕೀಳೆಂದು ಕಡೆಗಣಿಸುವುದಲ್ಲ, ಎಚ್ಚರವನ್ನು ಹೆಚ್ಚಿಸುವುದು. ನಾವು ಎಣಿಸಿದುದಕ್ಕಿಂತ ಒಂದು ಜೀವಿಗೆ ಹೆಚ್ಚಿನ ಅರಿವಿದೆಯೆಂದು ತಿಳಿದಾಗ ನಮ್ಮ ಎಚ್ಚರವೂ ಹೆಚ್ಚಬೇಕಷ್ಟೆ.

ಇನ್ನು ಚಿಪ್ಪು ಕಲ್ಲಾಗುವ ಕ್ರಮ. ಆಳವಿಲ್ಲದ ಸಮುದ್ರದ ತಳದಲ್ಲಿ ಚಿಪ್ಪಿನ ಜೀವಿ ಸಾಯುತ್ತದೆ. ಹೆಚ್ಚಿನ ಚಿಪ್ಪುಗಳು ಅಲೆಗೆ ಉರುಳಿ, ಒಡೆದು, ಪುಡಿಯಾಗಿ ಮರಳಿನಲ್ಲಿ ಮರಳಾಗುತ್ತವೆ. ಎಲ್ಲೋ ಕೆಲವು ಬೇಗನೆ ಮರಳಿನಡಿ ಹೂತುಹೋಗುತ್ತವೆ. ಅವುಗಳ ಮೇಲೆ ಪದರ ಪದರವಾಗಿ ಮರಳು ಬೀಳುತ್ತದೆ, ಅದರ ಭಾರಕ್ಕೆ ಕೆಳಗಿನ ಮರಳು ಅಮುಕಿಕೊಳ್ಳುತ್ತದೆ, ಕಣಗಳ ನಡುವೆ ಹರಿದ ನೀರು ಬಿಟ್ಟುಹೋದ ಖನಿಜಗಳು ಅಂಟಿನಂತೆ ಕಣಗಳನ್ನು ಬೆಸೆಯುತ್ತವೆ. ಹೀಗೆ ಮರಳು ಮರಳುಗಲ್ಲಾಗುತ್ತದೆ.

ಮರಳುಗಲ್ಲಿನ ಸಣ್ಣ ರಂಧ್ರಗಳಲ್ಲಿ ನೀರು ಹರಿಯುತ್ತಿರುವುದರಿಂದ ಮೂಲ ಚಿಪ್ಪು ಅನೇಕ ವೇಳೆ ಕರಗಿಹೋಗುತ್ತದೆ. ಚಿಪ್ಪು ಹೋದರೂ ಅದು ಒತ್ತಿದ ಗುರುತು ಹೋಗುವುದಿಲ್ಲ. ಹೊರಮೈಯ ಗೆರೆಗಳು ಸುತ್ತಲ ಕಲ್ಲಿನಲ್ಲಿ ಅಚ್ಚಾಗಿ ಉಳಿಯುತ್ತವೆ. ಚಿಪ್ಪಿನೊಳಗೆ ತುಂಬಿದ ಮರಳು ಗಟ್ಟಿಯಾಗಿ ಒಳಮೈಯ ಪ್ರತಿರೂಪವಾಗುತ್ತದೆ. ಖಾಲಿಯಾದ ಅಚ್ಚಿನೊಳಗೆ ಬೇರೊಂದು ಖನಿಜ ಸೇರಿದರೆ, ಕಂಚುಗಾರನು ಮೇಣ ಕರಗಿದ ಜಾಗದಲ್ಲಿ ಲೋಹವನ್ನು ಎರಕ ಹೊಯ್ದಂತೆ, ಚಿಪ್ಪಿನ ಹೊಸ ರೂಪ ಮೂಡುತ್ತದೆ. ಜಿನಬಿಂಬಗಳನ್ನು ಎರಕ ಹೊಯ್ಯುವ ಕ್ರಮವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಳಗಿನ ಸ್ನಾಯು ಅಂಟಿಕೊಂಡಿದ್ದ ಜಾಗದ ಕಲೆ ಕೂಡ ಎಷ್ಟೋ ಸಲ ಅಚ್ಚಿನಲ್ಲಿ ಸ್ಪಷ್ಟವಾಗಿರುತ್ತದೆ.

ಪಳೆಯುಳಿಕೆಯನ್ನು ಬಲ್ಲವರು ಈ ಗುರುತುಗಳಿಂದ ಒಂದು ಮರಣದ ಕಥೆಯನ್ನು ಓದುತ್ತಾರೆ. ಎರಡು ಕದಗಳೂ ಮುಚ್ಚಿದ ಸ್ಥಿತಿಯಲ್ಲಿ, ಮರಳಿನೊಳಗೆ ಬದುಕಿದ್ದ ಭಂಗಿಯಲ್ಲಿಯೇ ಸಿಕ್ಕಿದರೆ ಅದು ಇದ್ದಲ್ಲಿಯೇ ಉಳಿಯಿತೆಂದೋ ಬಿರುಗಾಳಿಯ ಮರಳು ಅದನ್ನು ಜೀವಂತವಾಗಿ ಮುಚ್ಚಿತೆಂದೋ ಊಹಿಸುತ್ತಾರೆ. ಕದಗಳು ಚಿಟ್ಟೆಯ ರೆಕ್ಕೆಯಂತೆ ತೆರೆದು ಜೊತೆಯಾಗಿಯೇ ಇದ್ದರೆ ಸತ್ತ ಸ್ವಲ್ಪ ಕಾಲದಲ್ಲೇ ಹೂತುಹೋಯಿತೆಂದು ಅರ್ಥ. ಒಂಟಿ ಕದಗಳು ಬೆನ್ನು ಮೇಲಾಗಿ ಸಾಲುಗಟ್ಟಿದ್ದರೆ ನೀರಿನ ಸೆಳೆತ ಅವುಗಳನ್ನು ತಂದು ಹಾಸಿದೆ. ಕೆಲವು ಚಿಪ್ಪುಗಳಲ್ಲಿ ಬೈರಿಗೆಯಿಂದ ಕೊರೆದಂಥ ದುಂಡು ತೂತಿರುತ್ತದೆ. ಅದು ಮಾಂಸಾಹಾರಿ ಕಡಲ ಬಸವನಹುಳು ಕೊರೆದುದು. ತ್ರಾಸಿಯ ದಂಡೆಯಲ್ಲಿ ಮಕ್ಕಳು ದಾರ ಪೋಣಿಸಲು ಹುಡುಕುವ ತೂತಿನ ಚಿಪ್ಪುಗಳಲ್ಲಿಯೂ ಈ ಗುರುತನ್ನು ಕಾಣಬಹುದು. ಕೋಟಿ ವರ್ಷಗಳ ಹಿಂದಿನ ಜೀವಿ ತಾನಾಗಿ ಸತ್ತಿತೇ, ಕೊಲ್ಲಲ್ಪಟ್ಟಿತೇ ಎಂಬುದು ಕಲ್ಲಿನಲ್ಲಿ ಬರೆದಿರುತ್ತದೆ.

ಇಂಥ ಕಲ್ಲು ತ್ರಾಸಿಯಲ್ಲಿಯೇ ಸಿಕ್ಕೀತೇ ಎಂದು ಕೇಳಿದರೆ ಇಲ್ಲವೆನ್ನಬೇಕು. ಕರಾವಳಿಯ ಅಡಿಗಲ್ಲಾದ ಕಗ್ಗಲ್ಲಿಗೆ 250 ಕೋಟಿ ವರ್ಷಗಳಿಗೂ ಮಿಕ್ಕ ಪ್ರಾಯ; ಚಿಪ್ಪಿನ ಜೀವಿಗಳು ಭೂಮಿಯ ಮೇಲೆ ಕಾಣಿಸಿಕೊಂಡು ಆದದ್ದು ಸುಮಾರು 50 ಕೋಟಿ ವರ್ಷ. ಮನೆ ಕಟ್ಟಲು ಕಡಿಯುವ ಕೆಂಪುಕಲ್ಲು ಆ ಹಳೆಯ ಶಿಲೆಯೇ ಬಿಸಿಲು ಮಳೆಗೆ ಸವೆದು ಮಾರ್ಪಟ್ಟದ್ದು. ಮಲ್ಪೆಯ ಎದುರಿಗಿರುವ ಸೇಂಟ್ ಮೇರಿ ದ್ವೀಪಗಳ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲದಲ್ಲಿ ಉಕ್ಕಿದ ಲಾವಾ ಆರಿ ಆದವು. ಬೆಂಕಿಯಿಂದ ಹುಟ್ಟಿದ ಆ ಕಲ್ಲಿನೊಳಗೆ ಚಿಪ್ಪು ಇರದು, ಅದರ ದಂಡೆಯ ಮೇಲೆ ಮಾತ್ರ ಇಂದಿನ ಚಿಪ್ಪುಗಳು ರಾಶಿಬಿದ್ದಿವೆ.

ಕರ್ನಾಟಕದಲ್ಲಿ ಮರಳುಗಲ್ಲೆಂದರೆ ಬಾದಾಮಿ, ಐಹೊಳೆಗಳು ನೆನಪಾಗುತ್ತವೆ. ಬಾದಾಮಿಯ ಜೈನಗುಹೆಯನ್ನು ಕೊರೆದದ್ದು ಕೆಂಪು ಮರಳುಗಲ್ಲಿನಲ್ಲಿ. 634ರ ರವಿಕೀರ್ತಿಯ ಶಾಸನವಿರುವ ಐಹೊಳೆಯ ಮೇಗುತಿ ಬಸದಿಯೂ ಮರಳುಗಲ್ಲಿನದೇ. ಆ ಸೀಮೆಯ ಬಂಡೆಗಳಲ್ಲಿ ನೀರಿನ ತೆರೆಗಳು ಮರಳಿನ ಮೇಲೆ ಎಳೆದ ಗೆರೆಗಳು ಇಂದಿಗೂ ಕಾಣುತ್ತವೆ, ಚಿಪ್ಪುಗಳು ಮಾತ್ರ ಇಲ್ಲ. ಆ ಮರಳು ನೆಲೆಗೊಂಡ ಕಾಲದಲ್ಲಿ ಚಿಪ್ಪು ಕಟ್ಟುವ ಜೀವಿ ಇನ್ನೂ ಹುಟ್ಟಿರಲಿಲ್ಲ. ಅಲೆಯಿತ್ತು, ಮರಳಿತ್ತು, ನಮ್ಮ ಕಣ್ಣಿಗೆ ಕಾಣುವಂಥ ತ್ರಸಜೀವದ ಒಂದು ಗುರುತೂ ಇರಲಿಲ್ಲ. ಬಾದಾಮಿಗೆ ಹೋದ ಯಾತ್ರಿಕರು ಗುಹೆಯ ಬಿಂಬಗಳನ್ನು ನೋಡಿದ ಮೇಲೆ ಒಂದು ಗಳಿಗೆ ಆ ಬಂಡೆಯನ್ನೂ ನೋಡುವುದು ಒಳ್ಳೆಯದು.

ಹೀಗಾಗಿ ಮರಳುಗಲ್ಲಿನೊಳಗಿನ ಸಮುದ್ರದ ಚಿಪ್ಪನ್ನು ಕಾಣಬೇಕಾದರೆ ಒಂದು ಕಾಲಕ್ಕೆ ಸಮುದ್ರ ನುಗ್ಗಿ, ಆಮೇಲೆ ಹಿಂದೆ ಸರಿದ ನಾಡುಗಳಿಗೆ ಹೋಗಬೇಕು. ನಮಗೆ ಹತ್ತಿರದ್ದು ತಮಿಳುನಾಡಿನ ತಿರುಚಿರಾಪಳ್ಳಿಯಾಚೆಯ ಅರಿಯಲೂರು ಪ್ರದೇಶ. ಸುಮಾರು 11 ಕೋಟಿ ವರ್ಷಗಳ ಹಿಂದಿನಿಂದ 6.6 ಕೋಟಿ ವರ್ಷಗಳ ಹಿಂದಿನವರೆಗೆ ಅಲ್ಲಿ ಸಮುದ್ರ ಹಲವು ಬಾರಿ ಏರಿ ಇಳಿಯಿತು. ಅಲ್ಲಿ ಕೇ ಮತ್ತು ಕನ್ಲಿಫ್ ಎಂಬವರು ಸಂಗ್ರಹಿಸಿದ ಪಳೆಯುಳಿಕೆಗಳನ್ನು ಎಡ್ವರ್ಡ್ ಫೋರ್ಬ್ಸ್ 1846ರಲ್ಲಿ ವರ್ಣಿಸಿದನು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಫರ್ಡಿನಾಂಡ್ ಸ್ಟೋಲಿಚ್ಕಾ 1871ರ ಹೊತ್ತಿಗೆ ಅಲ್ಲಿನ ದ್ವಿಕವಾಟಿಗಳ ಮೇಲೆ ಒಂದು ದೊಡ್ಡ ಗ್ರಂಥವನ್ನೇ ಮುಗಿಸಿದನು. ಮೂರು ವರ್ಷಗಳ ಬಳಿಕ ಲಡಾಖಿನ ದಾರಿಯಲ್ಲಿ ತೀರಿಕೊಂಡನು. ಗರುಡಮಂಗಲದ ಚಿಪ್ಪುಗಲ್ಲು ಮೆರುಗು ಕೊಟ್ಟರೆ ಅಮೃತಶಿಲೆಯಂತೆ ಹೊಳೆಯುವುದರಿಂದ ಅಲಂಕಾರದ ಕೆಲಸಗಳಿಗೆ ಬಳಕೆಯಾಯಿತು. ಅದೇ ಸೀಮೆಯ ಕಲ್ಲಂಕುರಿಚಿಯ ಬಳಿ ಗ್ರಿಫಿಯಾ ಎಂಬ ದಪ್ಪ ಚಿಪ್ಪಿನ ಜೀವಿಯ ಅವಶೇಷಗಳಿಂದ ತುಂಬಿದ ಸುಣ್ಣಕಲ್ಲನ್ನು ಸಿಮೆಂಟ್ ತಯಾರಿಕೆಗೆ ತೋಡುತ್ತಾರೆ.

ಎರಡನೆಯದು ಕಚ್ಛ. ಅಲ್ಲಿನ ಉಮಿಯಾ ಪ್ರದೇಶದ ಮರಳುಗಲ್ಲಿನಲ್ಲಿ ಸುಮಾರು 14 ಕೋಟಿ ವರ್ಷಗಳ ಹಿಂದಿನ ಟ್ರೈಗೋನಿಯಾ ಎಂಬ ಮುಕ್ಕೋನಾಕಾರದ ಚಿಪ್ಪುಗಳು ದೊರೆಯುತ್ತವೆ. ಅವುಗಳ ಮೇಲಿನ ಏಣುಗಳು ಕುಂಬಾರನು ಹಸಿ ಮಡಕೆಯ ಮೇಲೆ ಬೆರಳಿನಿಂದ ಎಳೆದ ಸಾಲುಗಳಂತಿವೆ. ಕಿಚಿನ್ ಎಂಬ ವಿದ್ವಾಂಸನು 1903ರಲ್ಲಿ ಕಚ್ಛದ ಈ ಒಂದೇ ಕುಲದ ಮೇಲೆ ಪ್ರತ್ಯೇಕ ಗ್ರಂಥವನ್ನು ಪ್ರಕಟಿಸಿದನು. ಈ ಕುಲಕ್ಕೆ ಒಂದು ಕುತೂಹಲದ ಇತಿಹಾಸವಿದೆ. ಯೂರೋಪಿನ ಪಂಡಿತರು ಇದನ್ನು ಕಲ್ಲಿನಲ್ಲಿ ಮಾತ್ರ ಕಂಡವರು; ಇದು ಭೂಮಿಯಿಂದ ಅಳಿದುಹೋದ ಕುಲವೆಂದೇ ನಂಬಿದ್ದರು. 1802ರಲ್ಲಿ ಫ್ರಾನ್ಸಿನ ಪೆರೋನ್ ಎಂಬ ಪ್ರಕೃತಿಶಾಸ್ತ್ರಜ್ಞನಿಗೆ ಆಸ್ಟ್ರೇಲಿಯದ ಸಮುದ್ರದಲ್ಲಿ ಅದೇ ಕುಲದ, ಇಂದಿನ ಕಾಲದ ಚಿಪ್ಪು ದೊರೆಯಿತು. ಕಲ್ಲಿನಲ್ಲಿ ಮಾತ್ರ ಇದೆಯೆಂದು ಎಣಿಸಿದ ಜೀವ ನೀರಿನಲ್ಲಿ ಇನ್ನೂ ಉಸಿರಾಡುತ್ತಿತ್ತು.

ಮೂರನೆಯದು ಜೈಸಲ್ಮೇರ್. ಅಲ್ಲಿನ ಕೋಟೆಯೊಳಗಿನ ಜಿನಾಲಯಗಳನ್ನು ಬಹುಮಟ್ಟಿಗೆ 15ನೆಯ ಶತಮಾನದಲ್ಲಿ, ಆ ಊರಿನದೇ ಹೊಂಬಣ್ಣದ ಕಲ್ಲಿನಿಂದ ಕಟ್ಟಲಾಯಿತು. ಆ ಕಲ್ಲು 16–17 ಕೋಟಿ ವರ್ಷಗಳ ಹಿಂದೆ ಆಳವಿಲ್ಲದ ಸಮುದ್ರದಲ್ಲಿ ಬಿದ್ದ ಸುಣ್ಣದ ಕೆಸರು ಮತ್ತು ಮರಳಿನಿಂದ ಆದದ್ದು. ಅದರ ಪದರಗಳಲ್ಲಿ ಚಿಪ್ಪಿನ ಜೀವಿಗಳ ಅವಶೇಷಗಳು ಸೇರಿವೆ. ಇಂದು ಸುತ್ತಲೂ ಮರುಭೂಮಿ. ಕುಡಿಯುವ ನೀರಿಗೂ ಕಷ್ಟಪಟ್ಟ ನಾಡು. ಅಲ್ಲಿ ಅಹಿಂಸೆಯ ಉಪದೇಶ ಕೇಳಿಬರುವ ಮಂಟಪದ ಕಲ್ಲೇ ಒಂದು ಕಾಲದ ಕಡಲತಳ. ಹೀಗಿದ್ದರೂ ಆ ಜಿನಾಲಯಕ್ಕೆ ಹಿಂಸೆಯ ಕಳಂಕ ತಟ್ಟದು. ಆ ಜೀವಿಗಳು ತಮ್ಮ ಕಾಲಕ್ಕೆ ಹುಟ್ಟಿ ತಮ್ಮ ಕಾಲಕ್ಕೆ ಅಳಿದವು. ಮನುಷ್ಯನ ಸಂಕಲ್ಪ ಅವುಗಳನ್ನು ಮುಟ್ಟಲಿಲ್ಲ. ಮನುಷ್ಯನೇ ಆಗ ಇರಲಿಲ್ಲ.

ಈ ಕೋಟಿ ವರ್ಷಗಳ ಲೆಕ್ಕವನ್ನು ಕೇಳಿದ ಕೆಲವರು ಒಡನೆ ಪಲ್ಯೋಪಮ, ಸಾಗರೋಪಮಗಳನ್ನು ತಂದು ಹೋಲಿಸಲು ಹೊರಡುತ್ತಾರೆ. ಅದು ಅನಗತ್ಯ. ಭೂವಿಜ್ಞಾನದ ವರ್ಷಗಳು ಕಲ್ಲಿನೊಳಗಿನ ಧಾತುಗಳ ಕ್ಷಯವನ್ನೂ ಪದರಗಳ ಕ್ರಮವನ್ನೂ ನೋಡಿ ಅಳೆದವು. ಶಾಸ್ತ್ರದ ಕಾಲಮಾನಕ್ಕೆ ಬೇರೆ ಪ್ರಯೋಜನವಿದೆ. ಎರಡನ್ನೂ ಬೆರೆಸದೆ ಎರಡರಿಂದಲೂ ಕಲಿಯುವುದು ಸತ್ಯಾಣುವ್ರತಕ್ಕೆ ಹೆಚ್ಚು ಹತ್ತಿರ.

ಈಗ ಕರಾವಳಿಗೆ ಮರಳೋಣ. ಇಲ್ಲಿ ಸುಣ್ಣಕಲ್ಲಿನ ಗಣಿಗಳಿಲ್ಲದ ಕಾರಣ ಹಿಂದಿನಿಂದಲೂ ಸುಣ್ಣವೆಂದರೆ ಚಿಪ್ಪಿನ ಸುಣ್ಣ. ಮನೆಯ ಗೋಡೆಗೆ, ಬಾವಿಯ ಕಟ್ಟೆಗೆ, ಎಲೆಯಡಿಕೆಗೆ, ಬಸದಿಯ ಗಾರೆಗೆ ಅದೇ ಆಗಬೇಕು. ಅಳಿವೆಗಳ ಕೆಸರಿನಡಿ ಎಷ್ಟೋ ತಲೆಮಾರುಗಳ ಹಿಂದೆ ಸತ್ತ ಚಿಪ್ಪುಗಳು ಹಾಸುಹಾಸಾಗಿ ಕೂಡಿಕೊಂಡಿರುತ್ತವೆ. ಇನ್ನೂ ಕಲ್ಲಾಗದ ಇವನ್ನು ಅರ್ಧ ಪಳೆಯುಳಿಕೆಗಳೆನ್ನಬಹುದು. ಅವನ್ನು ತೋಡಿ ತೆಗೆದು, ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಕಾವಿನಲ್ಲಿ ಸುಟ್ಟರೆ 100 ಕಿಲೋ ಶುದ್ಧ ಚಿಪ್ಪಿಗೆ 56 ಕಿಲೋ ಸುಟ್ಟಸುಣ್ಣ ಉಳಿಯುತ್ತದೆ. ಮಿಕ್ಕ 44 ಕಿಲೋ ಇಂಗಾಲಾಮ್ಲವಾಗಿ ಗಾಳಿಗೆ ಹೋಗುತ್ತದೆ. ಸತ್ತ ಚಿಪ್ಪಿನ ಹಾಸಿನ ಮೇಲೆಯೇ ಬದುಕಿರುವ ಚಿಪ್ಪುಗಳ ನೆಲೆಯೂ ಇರುವುದು ಇಲ್ಲಿನ ತೊಡಕು. ಅಡಿಯದನ್ನು ತೋಡುವ ಸಲಿಕೆ ಮೇಲಿನದನ್ನೂ ಎತ್ತುತ್ತದೆ. ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿತು. ಅಲ್ಲಿ ಇಳಿತದ ಹೊತ್ತಿಗೆ ಬಳಚು ಹೆಕ್ಕಿ ಜೀವಿಸುವ ಕುಟುಂಬಗಳಿಗೂ ಚಿಪ್ಪಿನ ಹಾಸು ಹಾಳಾಗದೆ ಉಳಿಯುವುದೇ ಹಿತ.

ಕರಾವಳಿಯ ಒಂದು ಹಳೆಯ ಬಸದಿಯ ಮಾಡು ಸೋರಿ ಗೋಡೆಯ ಗಾರೆ ಕಳಚತೊಡಗಿದಾಗ ಈ ಪ್ರಶ್ನೆ ಅಲ್ಲಿನ ಆಡಳಿತ ಸಮಿತಿಯ ಮುಂದೆ ಬಂದಿತು. ಸಿಮೆಂಟ್ ಬಳಿದರೆ ತಿಂಗಳೊಳಗೆ ಕೆಲಸ ಮುಗಿಯುವುದೆಂದು ಕೆಲವರೆಂದರು. ಕೆಂಪುಕಲ್ಲಿನ ಹಳೆಯ ಗೋಡೆಯ ಮೇಲೆ ಸಿಮೆಂಟ್ ಹಾಕಿದರೆ ಒಳಗಿನ ತೇವ ಹೊರಬರಲಾರದೆ ಕಲ್ಲೇ ಪುಡಿಯಾಗುವುದೆಂದು ಅನುಭವಿ ಗಾರೆಯವರು ಎಚ್ಚರಿಸಿದರು. ಸುಣ್ಣವೇ ಆಗಲೆಂದು ನಿಶ್ಚಯವಾಯಿತು. ಅದೇ ದಿನಗಳಲ್ಲಿ ಮೊಕ್ತೇಸರರ ಮನೆಯವರು ತ್ರಾಸಿಯ ದಂಡೆಗೆ ಹೋಗಿದ್ದರು. ಮೊಮ್ಮಗ ಒಂದು ಮುಚ್ಚಿದ ಚಿಪ್ಪನ್ನು ಹಿಡಿದುಕೊಂಡು, "ಅಜ್ಜಿ, ಇದಕ್ಕೆ ಜೀವ ಉಂಟಾ?" ಎಂದು ಕೇಳಿದ.

"ಬಾಯಿ ಮುಚ್ಚಿದ್ದರೆ ಜೀವ ಉಂಟು ಅಂತಲೇ ತಿಳಿಯಬೇಕು ಮಗಾ. ನೀರಿಗೆ ಬಿಟ್ಟು ಬಾ."

ಹುಡುಗ ಬಿಟ್ಟು ಬಂದು ಇನ್ನೊಂದು ಪ್ರಶ್ನೆ ಹಾಕಿದ. "ಬಸದಿಗೆ ಸುಣ್ಣ ಸುಡುವಾಗ ಇದನ್ನು ಯಾರು ನೋಡುತ್ತಾರೆ?"

ಅಜ್ಜಿಗೆ ಉತ್ತರ ತಿಳಿಯಲಿಲ್ಲ. ಮನೆಗೆ ಬಂದು ಆ ಪ್ರಶ್ನೆಯನ್ನು ಮೊಕ್ತೇಸರರಿಗೆ ಒಪ್ಪಿಸಿದರು. ಮುಂದಿನ ಸಭೆಯಲ್ಲಿ ಅವರು ಅದನ್ನು ಎತ್ತಿದಾಗ ಒಬ್ಬರು ನಕ್ಕರು. "ಸುಣ್ಣ ಸುಣ್ಣವೇ ಅಲ್ಲವೇ? ನಾವು ಕೊಂಡುಕೊಳ್ಳುವುದು ಪುಡಿ, ಪ್ರಾಣಿಯಲ್ಲ" ಎಂದರು. ಬಸದಿಯ ಇಂದ್ರರು ಮೆಲ್ಲನೆ ಹೇಳಿದರು: "ಸುಟ್ಟ ಮೇಲೆ ಎಲ್ಲ ಸುಣ್ಣವೂ ಬಿಳಿಯೇ. ನೋಡುವುದಾದರೆ ಸುಡುವ ಮೊದಲೇ ನೋಡಬೇಕು."

ಆಗ ಒಂದು ಕ್ರಮ ಗೊತ್ತಾಯಿತು. ಸುಟ್ಟ ಸುಣ್ಣವನ್ನು ಕೊಳ್ಳದೆ ಚಿಪ್ಪನ್ನೇ ತರಿಸಿ, ಚೀಲಗಳನ್ನು ಬಿಚ್ಚಿ ನೋಡುವುದು. ಪಳೆಯುಳಿಕೆಯನ್ನು ಓದುವ ರೀತಿಯೇ ಇಲ್ಲಿ ಕೆಲಸಕ್ಕೆ ಬಂದಿತು. ಬಹುಕಾಲದ ಹಿಂದೆ ಸತ್ತ ಚಿಪ್ಪು ಒಂಟಿಯಾಗಿರುತ್ತದೆ, ಅಂಚು ಸವೆದಿರುತ್ತದೆ, ಬಣ್ಣ ಮಾಸಿ ಸೀಮೆಸುಣ್ಣದಂತೆ ಬೆರಳಿಗೆ ಹತ್ತುತ್ತದೆ. ಬೆನ್ನಿನ ಬಂಧವಾಗಲಿ ಹೊರಗಿನ ತೆಳುವಾದ ಸಿಪ್ಪೆಯಾಗಲಿ ಉಳಿದಿರುವುದಿಲ್ಲ. ಇತ್ತೀಚಿನವರೆಗೆ ಬದುಕಿದ್ದ ಚಿಪ್ಪು ಜೋಡಿಯಾಗಿರುತ್ತದೆ, ಒಳಮೈ ಹೊಳೆಯುತ್ತದೆ, ಬಂಧದ ಕಂದು ಎಳೆ ಇನ್ನೂ ಅಂಟಿಕೊಂಡಿರುತ್ತದೆ, ಮೂಗಿಗೆ ಹಿಡಿದರೆ ವಾಸನೆಯೂ ತಿಳಿಯುತ್ತದೆ. ಬಂದ ಚೀಲಗಳಲ್ಲಿ ಎರಡೂ ಬೆರೆತಿದ್ದವು. ಸಮಿತಿ ಆ ಚಿಪ್ಪು ತಂದವನನ್ನು ಗದರಿಸಲಿಲ್ಲ. ಅವನ ಅನ್ನಕ್ಕೆ ಕಲ್ಲು ಹಾಕುವುದು ಅಹಿಂಸೆಯಾಗದು. ಹಳೆಯ ಹಾಸಿನ ಚಿಪ್ಪನ್ನು ಮಾತ್ರ ಬೇರ್ಪಡಿಸಿ ತಂದರೆ ಆ ದುಡಿಮೆಗೆ ಹೆಚ್ಚಿನ ಕ್ರಯ ಕೊಡುವುದಾಗಿ ಒಪ್ಪಿಕೊಂಡಿತು. ಕಡಿಮೆಬಿದ್ದ ಸುಣ್ಣವನ್ನು ಬಾಗಲಕೋಟೆಯ ಲೋಕಾಪುರದ ಕಡೆಯಿಂದ ತರಿಸಿತು. ಆ ಸೀಮೆಯ ಸುಣ್ಣಕಲ್ಲು ಚಿಪ್ಪಿನ ಜೀವಿಗಳು ಹುಟ್ಟುವುದಕ್ಕೂ ಹಿಂದಿನದು. ಕೆಲಸ ಒಂದು ಮಳೆಗಾಲ ತಡವಾಯಿತು, ಖರ್ಚೂ ಏರಿತು. ಅದಕ್ಕಾಗಿ ಊರಿನಲ್ಲಿ ಆಕ್ಷೇಪದ ಮಾತುಗಳೂ ಬಂದವು.

ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಲೋಕಾಪುರದ ಕಲ್ಲನ್ನು ಒಡೆಯುವಾಗ ಪೃಥ್ವೀಕಾಯದ ಹಿಂಸೆ ಆಗುತ್ತದೆ. ಭಟ್ಟಿಯಲ್ಲಿ ಅಗ್ನಿಕಾಯ, ಸೌದೆಯೊಡನೆ ವನಸ್ಪತಿ, ಲಾರಿಯ ಗಾಲಿಗೆ ಸಿಕ್ಕಿದ ಹುಳುಗಳ ಲೆಕ್ಕ ಯಾರಲ್ಲಿಯೂ ಇಲ್ಲ. ಪೂರ್ತಿಯಾಗಿ ನಿರ್ದೋಷವಾದ ಗೋಡೆಯನ್ನು ಯಾವ ಗೃಹಸ್ಥನೂ ಕಟ್ಟಲಾರ. ಅದಕ್ಕಾಗಿಯೇ ಶಾಸ್ತ್ರವು ಆರಂಭದ ಹಿಂಸೆಯನ್ನೂ ಸಂಕಲ್ಪದ ಹಿಂಸೆಯನ್ನೂ ಬೇರೆ ಮಾಡಿ ಹೇಳಿತು. ಹಿಂಸೆಯ ಲಕ್ಷಣವನ್ನು ಹೇಳುವಾಗ ತತ್ತ್ವಾರ್ಥಸೂತ್ರವು ಪ್ರಮಾದವನ್ನು ಮುಂದಿಟ್ಟಿತು. ತಿಳಿಯಲು ಸಾಧ್ಯವಿದ್ದೂ ತಿಳಿಯದೆ ಇರುವುದು, ಕೇಳಲು ಸಾಧ್ಯವಿದ್ದೂ ಕೇಳದೆ ಇರುವುದು ಪ್ರಮಾದ. ಕಡಲಿಗೆ ಇಳಿಯದವರು, ಬಲೆ ಹಿಡಿಯದವರು ತಾವು ಶುದ್ಧರೆಂದು ಎಣಿಸಿ ಚಿಪ್ಪು ಹೆಕ್ಕುವವರನ್ನು ಕೀಳಾಗಿ ಕಾಣುವುದುಂಟು. ಸುಣ್ಣ ಕೊಂಡವನಿಗೂ ಮುತ್ತಿನ ಸರ ಕೊಂಡವನಿಗೂ ಆ ಹೆಕ್ಕುವಿಕೆಯಲ್ಲಿ ಪಾಲಿದೆ. ಕೃತ, ಕಾರಿತ, ಅನುಮೋದನೆ ಎಂಬ ಮೂರು ದಾರಿಗಳಲ್ಲಿ ಕೊನೆಯ ಎರಡು ಹಣ ಕೊಡುವ ಕೈಯ ಮೂಲಕವೇ ಸಾಗುತ್ತವೆ.

ಕಲ್ಲಾದ ಚಿಪ್ಪು ಇನ್ನೊಂದು ಪಾಠವನ್ನೂ ಹೇಳುತ್ತದೆ. ಪಳೆಯುಳಿಕೆಯ ಬೆಲೆ ಅದು ಇರುವ ಪದರದಲ್ಲಿದೆ. ಮೇಲಿನ ಪದರ ಯಾವುದು, ಕೆಳಗಿನದು ಯಾವುದು, ಜೊತೆಯಲ್ಲಿದ್ದ ಜೀವಿಗಳು ಯಾವುವು ಎಂಬುದರಿಂದಲೇ ಅದರ ಕಾಲವೂ ಕಥೆಯೂ ತಿಳಿಯುತ್ತವೆ. ಪ್ರವಾಸಕ್ಕೆ ಹೋದವರು ಅದನ್ನು ಕಿತ್ತು ತಂದು ಮನೆಯ ಗಾಜಿನ ಕಪಾಟಿನಲ್ಲಿಟ್ಟರೆ ಅದು ಒಂದು ಚಂದದ ಕಲ್ಲಾಗಿ ಉಳಿಯುತ್ತದೆ, ಸಾಕ್ಷ್ಯವಾಗಿ ಉಳಿಯುವುದಿಲ್ಲ. ಇಲ್ಲಿ ಯಾವ ಜೀವಕ್ಕೂ ನೋವಿಲ್ಲ. ಆದರೂ ಇದು ಪರಿಗ್ರಹದ ದೋಷವೇ. ಮಕ್ಕಳಿಗೆ ಅದನ್ನು ಇದ್ದಲ್ಲಿಯೇ ತೋರಿಸಿ, ಚಿತ್ರ ತೆಗೆದುಕೊಂಡು, ಅಲ್ಲಿಯೇ ಬಿಟ್ಟು ಬರುವುದನ್ನು ಕಲಿಸಿದರೆ ಒಂದು ಅಣುವ್ರತದ ಪಾಠ ತಾನಾಗಿಯೇ ಆಗುತ್ತದೆ.

ಸತ್ತಿನ ಲಕ್ಷಣವಾಗಿ ಹೇಳಿರುವ ಉತ್ಪಾದ, ವ್ಯಯ, ಧ್ರೌವ್ಯಗಳಿಗೆ ಈ ಚಿಪ್ಪಿಗಿಂತ ಸರಳವಾದ ನಿದರ್ಶನ ದುರ್ಲಭ. ಸಮುದ್ರದ ನೀರಿನಲ್ಲಿ ಕರಗಿದ್ದ ಸುಣ್ಣ ಜೀವಿಯ ಕದವಾಯಿತು, ಕದವು ಹಾಸಾಯಿತು, ಹಾಸು ಭಟ್ಟಿಯಲ್ಲಿ ಬೆಂದು ಪುಡಿಯಾಯಿತು. ಗೋಡೆಗೆ ಬಳಿದ ಗಾರೆಯು ವರ್ಷಗಟ್ಟಲೆ ಗಾಳಿಯಿಂದ ಇಂಗಾಲಾಮ್ಲವನ್ನು ಹೀರಿಕೊಂಡು ಮತ್ತೆ ಚಿಪ್ಪಿನ ದ್ರವ್ಯವೇ ಆಗಿ ಗಟ್ಟಿಯಾಗುತ್ತದೆ. ಪರ್ಯಾಯಗಳು ಕಳೆದವು, ಪುದ್ಗಲ ಉಳಿಯಿತು. ಆ ಮನೆಯನ್ನು ಕಟ್ಟಿಕೊಂಡಿದ್ದ ಜೀವ ಮಾತ್ರ ತನ್ನ ದಾರಿಯಲ್ಲಿ ಹೊರಟುಹೋಗಿದೆ. ಅದನ್ನು ನಾವು ಹೊರಡಿಸಿದೆವೋ ಅದಾಗಿಯೇ ಹೊರಟಿತೋ ಎಂಬುದಷ್ಟೇ ನಮ್ಮ ಲೆಕ್ಕಕ್ಕೆ ಸೇರಿದ್ದು.

ಜೀರ್ಣೋದ್ಧಾರವನ್ನು ಕೈಗೊಳ್ಳುವ ಸಮಿತಿಗಳು ಕಲ್ಲಿನ ಅಳತೆ, ಮರದ ಜಾತಿ, ಕೂಲಿಯ ದರಗಳನ್ನು ಬರೆದಿಡುವ ಪುಸ್ತಕದಲ್ಲಿ ಸುಣ್ಣದ ಮೂಲವನ್ನೂ ಒಂದು ಸಾಲಿನಲ್ಲಿ ಬರೆದಿಡುವುದು ಕಷ್ಟವಲ್ಲ. ಯಾವ ಅಳಿವೆಯದು, ಹಳೆಯ ಹಾಸಿನದೋ ಹೊಸದೋ, ಸುಡುವ ಮೊದಲು ಕಂಡವರು ಯಾರು, ಇಷ್ಟು ಸಾಕು. ಮುಂದಿನ ತಲೆಮಾರಿನವರು ಆ ಪುಸ್ತಕವನ್ನು ತೆರೆದಾಗ ತಮ್ಮ ಹಿರಿಯರು ಕೇಳಿ ತಿಳಿದು ಕಟ್ಟಿದರೆಂಬುದು ಅವರಿಗೆ ಗೊತ್ತಾಗುತ್ತದೆ. ಕೇಳುವ ಅಭ್ಯಾಸವನ್ನು ಅವರೂ ಮುಂದುವರಿಸಿಯಾರು.